ಏಳು ಗಿಟಾರ್‌ಗಳಲ್ಲಿ ಮೂರನ್ನು ಉಳಿಸಿಕೊಂಡ ಬಗೆ

2011ರ ಜುಲೈ ತಿಂಗಳಲ್ಲಿ ನಾನು ಒಂದು ಒಳ್ಳೆಯ ಎಲೆಕ್ಟ್ರಿಕ್ ಗಿಟಾರನ್ನು ಕೈಯಾರೆ ಕಳೆದುಕೊಂಡೆ. ಮಳೆ ಹಿಡಿದ ಎರಡು ವಾರಗಳಲ್ಲೇ ಅದರ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳಾದ ಫ್ರೆಟ್‌ಗಳಲ್ಲಿ ಮೊದಲ ನಾಲ್ಕೈದರ ಬಳಿ ತಂತಿ ಗರಗರ ಎನ್ನತೊಡಗಿತ್ತು. ನೆಕ್ (ಕತ್ತು) ಹಾಳಾಗಿದೆ ಎಂದು ಅಂಗಡಿಯವರೊಬ್ಬರು ಹೇಳಿದ್ದನ್ನು ನಂಬಿ, ಕೊಂಡ ಬೆಲೆಯ ಅರ್ಧಕ್ಕೂ ಕಡಿಮೆಗೆ ಅವರಿಗೇ ಬಿಟ್ಟುಕೊಟ್ಟು ಬಂದೆ. ಮಳೆಗಾಲದ ತೇವಕ್ಕೆ ನೆಕ್ ಬಾಗಿತ್ತು ಅಷ್ಟೆ; ಆ ಬಾಗನ್ನು ಹೊಂದಿಸಲೆಂದು ಅದರ ಒಳಗಿರುವ ಟ್ರಸ್ ರಾಡ್ ಎಂಬ ಕಬ್ಬಿಣದ ಸರಳನ್ನು ಕಾಲು ಸುತ್ತು ಸಡಿಲಿಸಿದ್ದರೆ ಆ ಸದ್ದು ನಿಲ್ಲುತ್ತಿತ್ತು ಎಂಬುದು ನನಗೆ ತಿಳಿದದ್ದು ಎರಡು ವರ್ಷಗಳ ನಂತರ. ಆ ನೋವು ಇಂದಿಗೂ ಹೋಗಿಲ್ಲ. ಮುಂದೆ ಯಾವುದನ್ನು ಮಾರಬೇಕು, ಯಾವುದನ್ನು ಉಳಿಸಿಕೊಳ್ಳಬೇಕು ಎಂಬ ಪ್ರಶ್ನೆ ಬಂದಾಗ ನಾನು ಅನುಸರಿಸಿದ ಕ್ರಮವೆಲ್ಲ ಆ ತಪ್ಪಿನಿಂದಲೇ ಹುಟ್ಟಿದ್ದು.

ಆ ಪ್ರಶ್ನೆ ಬಂದದ್ದು 2023ರಲ್ಲಿ. ಗೋರೆಗಾಂವ್‌ನಲ್ಲಿ ನಮ್ಮದು ಒಂದೇ ಮಲಗುವ ಕೋಣೆಯ ಮನೆ. ಉಡುಪಿಯಲ್ಲಿ ಒಬ್ಬರೇ ಇದ್ದ ಅಮ್ಮ ನಮ್ಮೊಂದಿಗೆ ಬಂದಿರುವುದೆಂದು ನಿಶ್ಚಯವಾದಾಗ ಅವರ ಮಂಚಕ್ಕೆ ಬೇಕಾದ ಜಾಗದಲ್ಲಿ ಏಳು ಗಿಟಾರ್‌ಗಳ ಪೆಟ್ಟಿಗೆಗಳಿದ್ದವು. ಮುಂಬಯಿಯ ಕನ್ನಡ ಸಂಘಗಳ ಭಾವಗೀತೆ ಕಾರ್ಯಕ್ರಮಗಳಲ್ಲಿ, ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ಇಪ್ಪತ್ತು ವರ್ಷಗಳಿಂದ ನುಡಿಸುತ್ತ ಬಂದ ನನಗೆ ಅಷ್ಟೂ ಬೇಕೆಂದು ವಾದಿಸುವ ನೈತಿಕತೆ ಉಳಿದಿರಲಿಲ್ಲ. "ಯಾವುದನ್ನು ಎಷ್ಟು ಸಲ ಕೈಗೆತ್ತಿಕೊಳ್ತೀರಿ ಅಂತ ಮೂರು ತಿಂಗಳು ಬರೆದಿಡಿ, ತಾನಾಗಿಯೇ ಗೊತ್ತಾಗ್ತದೆ" ಎಂದು ಹೆಂಡತಿ ಹೇಳಿದಳು. ಇದು ಹಲವರು ಕೊಡುವ ಸಲಹೆ. ನಾನು ಅದನ್ನು ಒಪ್ಪಲಿಲ್ಲ. ನಾವು ಹೆಚ್ಚಾಗಿ ಕೈಗೆತ್ತಿಕೊಳ್ಳುವುದು ಸುಸ್ಥಿತಿಯಲ್ಲಿರುವ ಗಿಟಾರನ್ನು. ಮೂಲೆಗೆ ಬಿದ್ದದ್ದು ಮೂಲೆಗೆ ಬಿದ್ದಿರುವುದು ಅದರ ತಂತಿ ತುಕ್ಕು ಹಿಡಿದಿರುವುದರಿಂದ ಇರಬಹುದೇ ಹೊರತು ಅದರ ಗುಣ ಕಡಿಮೆಯಾದ್ದರಿಂದ ಆಗಬೇಕೆಂದಿಲ್ಲ. ಆದ್ದರಿಂದ ಮೊದಲು ಏಳನ್ನೂ ಒಂದೇ ಸ್ಥಿತಿಗೆ ತರುವುದು, ಆಮೇಲೆ ಮಳೆಗಾಲವಿಡೀ ಅವುಗಳನ್ನು ನುಡಿಸಿ ನೋಡುವುದು, ಅಲ್ಲಿಯವರೆಗೆ ಯಾವ ತೀರ್ಮಾನವನ್ನೂ ಮಾಡದಿರುವುದು ಎಂದು ನಿಶ್ಚಯಿಸಿದೆ. ಅಮ್ಮ ಬರುವುದು ದೀಪಾವಳಿಗೆ ಎಂದಾಗಿದ್ದರಿಂದ ಸಮಯವಿತ್ತು.

ಜೂನ್ ಮೊದಲ ವಾರ ಏಳಕ್ಕೂ ಹೊಸ ತಂತಿ ಹಾಕಿದೆ. ಆರಕ್ಕೆ 10ರಿಂದ 46ರ ಸೆಟ್ (ಇದು ಇಂಚಿನ ಸಾವಿರದಂಶದಲ್ಲಿ ತಂತಿಗಳ ದಪ್ಪ). ತಂತಿಗಳನ್ನು ಬಿಗಿದು ಹಿಡಿದು ಸನ್ನೆಯಿಂದ ಸ್ವರ ಏರಿಳಿಸುವ ಲಾಕಿಂಗ್ ಟ್ರೆಮೊಲೊ ಇರುವ ಐಬಾನೆಜ್‌ಗೆ ಮಾತ್ರ ಅದರ ಸ್ಪ್ರಿಂಗ್‌ಗಳ ಸಮತೋಲ ಕೆಡದಂತೆ ಮೊದಲಿದ್ದ 9ರಿಂದ 42ರದ್ದೇ. ಮೊದಲ ಫ್ರೆಟ್‌ಗೆ ಕೇಪೋ ಎಂಬ ತಂತಿ ಒತ್ತುವ ಹಿಡಿಕೆ ಹಾಕಿ, ಕೊನೆಯ ಫ್ರೆಟ್‌ನಲ್ಲಿ ತಂತಿಯನ್ನು ಒತ್ತಿ ಹಿಡಿದು, ನಡುವೆ ಏಳನೆಯ ಫ್ರೆಟ್‌ನ ಮೇಲೆ ಎಷ್ಟು ಸಂದು ಇದೆ ಎಂದು ತೆಳು ಲೋಹದ ಪಟ್ಟಿಗಳ ಫೀಲರ್ ಗೇಜ್‌ನಿಂದ ಅಳೆದು, ಎಲ್ಲದರಲ್ಲೂ ಅದನ್ನು ಕಾಲು ಮಿಲಿಮೀಟರ್‌ನ ಆಸುಪಾಸಿಗೆ ತಂದೆ. ಟ್ರಸ್ ರಾಡನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು, ತಿರುಗಿಸಿದ ಮೇಲೆ ಒಂದು ರಾತ್ರಿ ಬಿಡಬೇಕು, ಏಕೆಂದರೆ ಮರ ನಿಧಾನವಾಗಿ ಹೊಂದಿಕೊಳ್ಳುತ್ತದೆ. ಹನ್ನೆರಡನೆಯ ಫ್ರೆಟ್‌ನಲ್ಲಿ ದಪ್ಪ ತಂತಿ ಎರಡು ಮಿಲಿಮೀಟರ್, ಸಣ್ಣ ತಂತಿ ಒಂದೂವರೆ ಮಿಲಿಮೀಟರ್ ಎತ್ತರದಲ್ಲಿರುವಂತೆ, ತಂತಿಗಳು ಕೂರುವ ಬ್ರಿಡ್ಜನ್ನು ಹೊಂದಿಸಿದೆ. ಕರಕರ ಎನ್ನುತ್ತಿದ್ದ ವಾಲ್ಯೂಮ್ ಗುಂಡಿಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಹತ್ತಿಪ್ಪತ್ತು ಸಲ ತಿರುಗಿಸಿದೆ. ಇಷ್ಟಕ್ಕೆ ಎರಡು ಶನಿವಾರ, ಎರಡು ಭಾನುವಾರ ಹಿಡಿದವು.

ಈ ಕೆಲಸದ ನಡುವೆಯೇ ಮೊದಲ ಅಚ್ಚರಿ ಕಾದಿತ್ತು. ನನ್ನಲ್ಲಿದ್ದ ಟೆಲಿಕಾಸ್ಟರ್ ಮಾದರಿಯ ಗಿಟಾರನ್ನು ಮಾರುವುದೆಂದು ಮನಸ್ಸಿನಲ್ಲಿ ಎಂದೋ ಬರೆದಿಟ್ಟಿದ್ದೆ, ಏಕೆಂದರೆ ಅದು ಒಂದು ಹಾಡಿನಷ್ಟು ಹೊತ್ತೂ ಶ್ರುತಿಯಲ್ಲಿ ನಿಲ್ಲುತ್ತಿರಲಿಲ್ಲ. ಹೊಸ ತಂತಿ ಹಾಕಿ ಮೂರನೆಯ ತಂತಿಯ ಕೀಲಿಯನ್ನು ಮೆಲ್ಲಗೆ ತಿರುಗಿಸುತ್ತಿದ್ದಾಗ ಸ್ವರ ಏರದೆ ನಿಂತು, ಆಮೇಲೆ 'ಟಿಣ್' ಎಂಬ ಸಣ್ಣ ಸದ್ದಿನೊಂದಿಗೆ ಒಮ್ಮೆಲೇ ಜಿಗಿಯಿತು. ನೆಕ್‌ನ ತುದಿಯಲ್ಲಿ ತಂತಿಗಳು ಹಾದುಹೋಗುವ ನಟ್ ಎಂಬ ಪಟ್ಟಿಯ ಕಚ್ಚಿನಲ್ಲಿ ತಂತಿ ಸಿಕ್ಕಿಕೊಳ್ಳುತ್ತಿದೆ ಎಂದು ಆಗ ಹೊಳೆಯಿತು. ತಂತಿ ಸಡಿಲಿಸಿ ಪಕ್ಕಕ್ಕೆ ಸರಿಸಿ, ಮಡಚಿದ ನುಣುಪು ಮರಳುಕಾಗದದ ಅಂಚನ್ನು ಕಚ್ಚಿನಲ್ಲಿ ನಾಲ್ಕು ಸಲ ಎಳೆದು, ಮಗಳ ಪೆನ್ಸಿಲ್‌ನ ಸೀಸದ ಪುಡಿ ತುಂಬಿ ಮತ್ತೆ ತಂತಿ ಬಿಗಿದೆ. ಸ್ವರ ಎಣ್ಣೆ ಹಾಕಿದಂತೆ ಏರಿತು. ಹನ್ನೆರಡು ವರ್ಷಗಳ ಹಿಂದಿನ ತಪ್ಪನ್ನೇ ಮತ್ತೆ ಮಾಡುವುದರಲ್ಲಿದ್ದೆ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ.

ನುಡಿಸಿ ನೋಡುವಾಗ ಒಂದೇ ಆ್ಯಂಪ್, ಅದರ ಗುಂಡಿಗಳೆಲ್ಲ ಒಂದೇ ಗುರುತಿನಲ್ಲಿ, ಮೂರೇ ಪರೀಕ್ಷೆಗಳು: ಭಾವಗೀತೆಯ ಹಿಂದೆ ನುಡಿಸುವ ಬಿಡಿಸ್ವರಗಳು, ಹಿಂದಿ ಚಿತ್ರಗೀತೆಯ ಲಯ, ಮತ್ತು ಮೋಹನ ರಾಗದ ಸಣ್ಣ ಆಲಾಪನೆ. ಮೂರನೆಯದೇ ನಿರ್ಣಾಯಕವಾಯಿತು. ಗಾಂಧಾರದ ಮೇಲೆ ತಂತಿ ಎಳೆದು ಗಮಕ ತರುವಾಗ ಫ್ರೆಟ್‌ಬೋರ್ಡಿನ ಅಡ್ಡ ಬಾಗು ಎಷ್ಟಿದೆ ಎಂಬುದು ಮುಖ್ಯವಾಗುತ್ತದೆ. ನನ್ನ ಫೆಂಡರ್ ಸ್ಟ್ರ್ಯಾಟೋಕಾಸ್ಟರ್ ಹಳೆಯ ಕ್ರಮದ್ದು. ಅದರ ಬಾಗು ಏಳೂಕಾಲು ಇಂಚು ತ್ರಿಜ್ಯದ್ದು. ಕಾರ್ಡ್ ಹಿಡಿಯಲು ಅದು ಅಂಗೈಗೆ ಹಿತವಾಗಿ ಕೂರುತ್ತದೆ, ಆದರೆ ಮೇಲಿನ ಫ್ರೆಟ್‌ಗಳಲ್ಲಿ ಸಣ್ಣ ತಂತಿಯನ್ನು ಎಳೆದರೆ ಅದು ಬಾಗಿನ ಉಬ್ಬಿಗೆ ತಾಗಿ ಸ್ವರ ಸತ್ತುಹೋಗುತ್ತದೆ. ತಂತಿಯನ್ನು ಎತ್ತರಿಸಿದರೆ ಅದು ಸರಿಹೋಗುತ್ತದೆ, ಬೆರಳಿಗೆ ಭಾರವಾಗುತ್ತದೆ. ಇದು ಕೊರತೆಯಲ್ಲ, ಅದರ ಸ್ವಭಾವ. ನನ್ನ ಸಂಗೀತಕ್ಕೆ ಆ ಸ್ವಭಾವ ಒಗ್ಗುವುದಿಲ್ಲ ಎಂದು ಒಪ್ಪಿಕೊಳ್ಳಲು ನನಗೆ ಜುಲೈ ಪೂರ್ತಿ ಬೇಕಾಯಿತು. 1954ರಲ್ಲಿ ಬಂದ ಆ ವಿನ್ಯಾಸದ ಮೇಲೆ ನನಗಿರುವ ಗೌರವ ಹಾಗೆಯೇ ಇದೆ. ಇತ್ತ 2003ರಲ್ಲಿ ಧೋಬಿ ತಲಾವ್‌ನ ಫುರ್ಟಾಡೋಸ್‌ನಲ್ಲಿ ಕೊಂಡ, ನನ್ನ ಮೊದಲ ಗಿಟಾರ್ ಆದ ಯಮಾಹಾ ಪ್ಯಾಸಿಫಿಕಾದ ಬೋರ್ಡು ಬಹಳ ಚಪ್ಪಟೆ; ಅದರಲ್ಲಿ ಗಮಕ ಸರಾಗವಾಗಿ ಬರುತ್ತದೆ.

ಕಿವಿಯ ಪರೀಕ್ಷೆಯನ್ನೂ ಮಾಡಿದೆ. ಏಳರಲ್ಲೂ ಒಂದೇ ತುಣುಕನ್ನು ಫೋನಿನಲ್ಲಿ ಮುದ್ರಿಸಿ, ಹೆಸರು ಬದಲಿಸಿ ಗೊತ್ತಾಗದಂತೆ ಇಡಲು ಮಗಳಿಗೆ ಹೇಳಿ, ಹತ್ತು ದಿನ ಬಿಟ್ಟು ಕೇಳಿದೆ. ಪ್ಯಾಸಿಫಿಕಾದ ಮತ್ತು ಸ್ಟ್ರ್ಯಾಟ್‌ನ ನೆಕ್ ಬಳಿಯ ಪಿಕಪ್‌ಗಳನ್ನು (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಸುರುಳಿಗಳನ್ನು) ಅದಲುಬದಲು ಹೇಳಿದೆ. ಲೆಸ್ ಪಾಲ್ ಮಾದರಿಯದನ್ನೂ ಒಳಗೆ ಪೊಳ್ಳಿರುವ ಸೆಮಿ ಹಾಲೋ ಗಿಟಾರನ್ನೂ ಹಾಗೆಯೇ ತಪ್ಪಾಗಿ ಗುರುತಿಸಿದೆ. "ಅಪ್ಪ, ನಿಮಗೇ ಗೊತ್ತಾಗದಿದ್ರೆ ಕೇಳುವವರಿಗೆ ಗೊತ್ತಾಗ್ತದಾ?" ಎಂದಳು. ಅವಳ ಮಾತು ಸರಿಯಾಗಿತ್ತು. ನನ್ನಲ್ಲಿ ಎರಡು ಜೋಡಿಗಳಿದ್ದವು. ಪ್ರತಿ ಜೋಡಿಯಲ್ಲೂ ಒಂದು ಸಾಕಿತ್ತು.

ಮೊದಲ ಜೋಡಿಯಲ್ಲಿ ಪ್ಯಾಸಿಫಿಕಾ ಉಳಿಯಲು ಗಮಕದ ಜೊತೆಗೆ ಇನ್ನೊಂದು ಕಾರಣವಿತ್ತು. ಒಂದೇ ಸುರುಳಿಯ ಪಿಕಪ್ ಸುತ್ತಲಿನ ವಿದ್ಯುತ್ತಿನ ಗುಂಯ್‌ಗುಡುವಿಕೆಯನ್ನೂ ಹಿಡಿಯುತ್ತದೆ; ಅಮೆರಿಕದಲ್ಲಿ ಅದು 60 ಹರ್ಟ್ಸ್‌ನದು, ನಮ್ಮಲ್ಲಿ 50ರದು. ವೇದಿಕೆಯ ದೀಪಗಳಿಗೆ ಡಿಮ್ಮರ್ ಹಾಕಿರುವ ಹಳೆಯ ಸಭಾಗೃಹಗಳಲ್ಲಿ ಈ ಸದ್ದು ಕವಿತೆಯ ಸಾಲುಗಳ ನಡುವಿನ ಮೌನವನ್ನೆಲ್ಲ ತಿಂದುಹಾಕುತ್ತದೆ. 1955ರಲ್ಲಿ ಗಿಬ್ಸನ್ ಕಂಪನಿಯ ಸೆತ್ ಲವರ್ ರೂಪಿಸಿದ ಹಂಬಕರ್‌ನಲ್ಲಿ ಎರಡು ಸುರುಳಿಗಳು ಪರಸ್ಪರ ವಿರುದ್ಧವಾಗಿದ್ದು ಆ ಸದ್ದನ್ನು ಅಳಿಸುತ್ತವೆ. ಪ್ಯಾಸಿಫಿಕಾದಲ್ಲಿ ಬ್ರಿಡ್ಜಿನ ಬಳಿ ಒಂದು ಹಂಬಕರ್ ಇದೆ, ನನ್ನ ಸ್ಟ್ರ್ಯಾಟ್‌ನಲ್ಲಿ ಇಲ್ಲ.

ಎರಡನೆಯ ಜೋಡಿಯ ಎರಡರಲ್ಲೂ ಹಂಬಕರ್‌ಗಳೇ. ಎರಡರಲ್ಲೂ ನಟ್‌ನಿಂದ ಬ್ರಿಡ್ಜಿನವರೆಗಿನ ಅಳತೆ 628 ಮಿಲಿಮೀಟರ್. ಫೆಂಡರ್ ಕ್ರಮದ 648ಕ್ಕಿಂತ ಕಡಿಮೆಯಾದ್ದರಿಂದ ಅದೇ ಶ್ರುತಿಯಲ್ಲಿ ಅದೇ ತಂತಿ ಮೆತ್ತಗಾಗಿ ಎಳೆಯಲು ಬರುತ್ತದೆ. ಆದರೆ ಲೆಸ್ ಪಾಲ್ ನಾಲ್ಕು ಕಿಲೋ ಮೀರುತ್ತದೆ. ಸಂಜೆಯ ಲೋಕಲ್‌ನಲ್ಲಿ ಗೋರೆಗಾಂವ್‌ನಿಂದ ದಾದರ್‌ವರೆಗೆ ನಿಂತು ಹೋಗಿ ಮಾಟುಂಗದಲ್ಲಿ ಮೂರು ಗಂಟೆ ನುಡಿಸಿ ಮರಳುವ ಐವತ್ತೆರಡು ವರ್ಷದ ಹೆಗಲಿಗೆ ಅದು ಆಗುವುದಿಲ್ಲ. ಅದರ ಬೋರ್ಡಿಗೆ ಬಳಸಿದ್ದು ಭಾರತದ ಬೀಟೆ ಮರ ಎಂಬ ಕಾರಣಕ್ಕೆ, ನಮ್ಮ ಘಟ್ಟದಲ್ಲಿ ಬೆಳೆಯುವ ಮರವೆಂಬ ಮಮತೆಯಿಂದ ಒಂದು ವಾರ ತಡೆದೆ. ಕೊನೆಗೆ ಮಸ್ಕತ್‌ಗೆ ಹೊರಟಿದ್ದ ಒಬ್ಬರು ಅದನ್ನು ಕೊಂಡರು. ಬೀಟೆಯ ವಸ್ತುವನ್ನು ಗಡಿ ದಾಟಿಸಲು ಪರವಾನಗಿ ಬೇಕಲ್ಲವೇ ಎಂದು ಅವರು ಕೇಳಿದ್ದು ಸಹಜ. ಅಪಾಯದಲ್ಲಿರುವ ಸಸ್ಯ, ಪ್ರಾಣಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದಡಿ 2017ರ ಜನವರಿಯಲ್ಲಿ ಮಾರಾಟದ ಸಾಗಣೆಗೆ ಹಾಗೆ ಆಗಿತ್ತು, 2019ರ ನವೆಂಬರ್‌ನಿಂದ ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆತಿದೆ ಎಂದು ತಿಳಿಸಿದೆ.

ಐಬಾನೆಜ್‌ನ ತಂತಿ ಬದಲಿಸಲು ಪ್ರತಿ ಸಲ ಒಂದು ಗಂಟೆ ಬೇಕು, ನನ್ನ ಹಾಡುಗಳಿಗೆ ಅದರ ಟ್ರೆಮೊಲೊ ಬೇಡ. ಅದು ಬೇಗ ಹೋಯಿತು. ಏಳನೆಯದು ತೀರಿಕೊಂಡ ಗೆಳೆಯನದು. ಅದನ್ನು ಮಾರುವ ಮಾತೇ ಇರಲಿಲ್ಲ, ಈಗ ಗಿಟಾರ್ ಕಲಿಯುತ್ತಿರುವ ಅವನ ಮಗನಿಗೆ ಮರಳಿಸಿದೆ. ಹೀಗೆ ಉಳಿದದ್ದು ಪ್ಯಾಸಿಫಿಕಾ, ಸೆಮಿ ಹಾಲೋ ಮತ್ತು ಟೆಲಿಕಾಸ್ಟರ್.

ಸ್ಟ್ರ್ಯಾಟ್‌ಗಾಗಿ ಡೊಂಬಿವಲಿಯಿಂದ ಒಬ್ಬ ಹುಡುಗ ತಂದೆಯೊಂದಿಗೆ ಬಂದ. ಕಾರ್ಕಳದ ಕಡೆಯವರು. ಮೊದಲ ಮೂರು ತಂತಿಗಳ ಕೆಳಗೆ ಫ್ರೆಟ್‌ಗಳು ಸವೆದು ತಗ್ಗು ಬಿದ್ದಿರುವುದನ್ನು ಟಾರ್ಚ್ ಹಿಡಿದು ತೋರಿಸಿ, ಒಮ್ಮೆ ಲೆವೆಲ್ ಮಾಡಿಸಬೇಕಾಗುತ್ತದೆಂದು ಹೇಳಿ, ಅಷ್ಟನ್ನು ಬೆಲೆಯಲ್ಲಿ ಕಳೆದೆ. ತಂದೆ ಸಂಶಯದಿಂದ, "ಇಷ್ಟು ಒಳ್ಳೇದಾದ್ರೆ ನೀವು ಯಾಕೆ ಕೊಡುವುದು ಮಾರಾಯ್ರೆ?" ಎಂದರು. ಹುಡುಗನಿಗೆ ಕಾರ್ಡ್‌ಗಳನ್ನು ನುಡಿಸಲು ಹೇಳಿದೆ, ಆಮೇಲೆ ಅದರಲ್ಲೇ ಮೋಹನವನ್ನು ನುಡಿಸಿ ಸ್ವರ ಎಲ್ಲಿ ಸಾಯುತ್ತದೆಂದು ಕೇಳಿಸಿದೆ. ಹುಡುಗ ನುಡಿಸುವುದು ಬ್ಲೂಸ್ ಲಯವನ್ನು, ಹೆಚ್ಚಾಗಿ ಕೆಳಗಿನ ಫ್ರೆಟ್‌ಗಳಲ್ಲಿ. ಅವನ ಕೈಗೆ ಅದು ಅಳತೆ ತೆಗೆದು ಹೊಲಿದ ಅಂಗಿಯಂತಿತ್ತು.

ಮರುವರ್ಷ ಜುಲೈಯಲ್ಲಿ, ಗಾಳಿಯ ತೇವ ಅಳೆಯುವ ನನ್ನ ಕೋಣೆಯ ಹೈಗ್ರೋಮೀಟರ್ ಶೇಕಡ 86 ತೋರಿಸುತ್ತಿದ್ದ ಒಂದು ಸಂಜೆ, ಆ ಹುಡುಗ ಫೋನ್ ಮಾಡಿದ. "ಅಂಕಲ್, ಮೊದಲ ನಾಲ್ಕೈದು ಫ್ರೆಟ್‌ನಲ್ಲಿ ತಂತಿ ಗರಗರ ಅಂತಿದೆ. ನೆಕ್ ಹೋಯ್ತಾ?" ಅಲೆನ್ ಕೀಲಿಯನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿ ಬೆಳಗಿನವರೆಗೆ ಮುಟ್ಟದೆ ಇಡಲು ಹೇಳಿದೆ. ಬೆಳಿಗ್ಗೆ ಏಳೂವರೆಗೆ ಒಂದು ಮುದ್ರಿಕೆ ಬಂತು. ಅಮ್ಮ ಮಂಚದ ಮೇಲೆ ಕುಳಿತು ಕಾಫಿ ಕುಡಿಯುತ್ತಿದ್ದರು. ಇಬ್ಬರೂ ಅದನ್ನು ಕೊನೆಯವರೆಗೆ ಕೇಳಿದೆವು.