ಕೊಯೋಟಿ ಬೇಟೆಗೆ ಯಾವ ತೋಟಾ? ತಂಗಿ ಮಗನಿಗೆ ಹೇಳಿದ್ದು

ತಂಗಿ ಮಗ ಅಮೆರಿಕದ ಕಾನ್ಸಾಸ್‌ನಲ್ಲಿದ್ದಾನೆ. ಪಕ್ಕದ ಜಮೀನಿನವನು ಕುರಿ ಸಾಕಿದ್ದಾನೆ. ಮರಿಗಳನ್ನು ಕೊಯೋಟಿಗಳು, ಅಂದರೆ ಅಲ್ಲಿನ ತೋಳದ ಜಾತಿಯ ಕಾಡುಪ್ರಾಣಿಗಳು, ಎತ್ತಿಕೊಂಡು ಹೋಗುತ್ತವೆ. ಆ ರೈತ "ಬೇಟೆಗೆ ಬಾ" ಅಂದಿದ್ದೇ ತಡ, ನಮ್ಮ ಹುಡುಗ ಪುಣೆಗೆ ಫೋನ್ ಹಚ್ಚಿದ. "ಮಾಮಾ, ಯಾವ ಕ್ಯಾಲಿಬರ್ ತಗೊಳ್ಳಲಿ?" ಕ್ಯಾಲಿಬರ್ ಅಂದರೆ ಗುಂಡಿನ ದಪ್ಪದ ಅಳತೆ.

ನಾನು ಸೇನೆಯಲ್ಲಿ ಆರ್ಮರರ್ ಆಗಿದ್ದವನು. ಬಂದೂಕು ಬಿಚ್ಚಿ ಜೋಡಿಸುವುದರಲ್ಲೇ 22 ವರ್ಷ ಕಳೆದು ಈಗ ಖಡ್ಕಿಯಲ್ಲಿ ತಣ್ಣಗೆ ಕೂತಿದ್ದೇನೆ. ಕೊಯೋಟಿ ನೋಡಿದ್ದು ಮಾತ್ರ ಹೋದ ವರ್ಷ, ಅವನ ಮನೆಗೆ ಹೋಗಿದ್ದಾಗ. ನಮ್ಮ ಪುಣೆ ಜಿಲ್ಲೆಯ ಸುಪೆ ಕಡೆ ಬಯಲಲ್ಲಿ ಕಾಣುವ ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು. ಸಾಮಾನ್ಯವಾಗಿ 9ರಿಂದ 20 ಕಿಲೋ ತೂಗುತ್ತದೆ.

ಮೊದಲು ಕಾಗದಪತ್ರದ ಮಾತು. ಅವನದು ಎಚ್-1ಬಿ ವೀಸಾ. ಅಂಥವರು ಬಂದೂಕು, ತೋಟಾ ಇಟ್ಟುಕೊಳ್ಳುವುದು ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಅಲ್ಲಿನ ಯಾವುದಾದರೂ ರಾಜ್ಯ ಕೊಟ್ಟ ಬೇಟೆ ಲೈಸೆನ್ಸ್ ಚಾಲ್ತಿಯಲ್ಲಿದ್ದರೆ ವಿನಾಯಿತಿ ಉಂಟು. ಹಾಗಾಗಿ ಲೈಸೆನ್ಸ್ ಮೊದಲು, ಅಂಗಡಿ ಆಮೇಲೆ. ಇಲ್ಲಿ ಕೂತು ಓದುವವರಿಗೆ ಹೇಳುವುದೇ ಬೇಡ. 1972ರ ವನ್ಯಜೀವಿ ಕಾಯ್ದೆ ಇರುವಾಗ ನಾವು ನರಿಯತ್ತ ದುರ್ಬೀನು ಮಾತ್ರ ತಿರುಗಿಸಬಹುದು.

ಈಗ ತೋಟಾ. ಹೊಸಬರೆಲ್ಲ ನಂಬರ್ ನೋಡಿ ಮೋಸ ಹೋಗುತ್ತಾರೆ. ಆ ರೈತ ಒಂದು ಸಂಜೆ ಅಡುಗೆಮನೆ ಟೇಬಲ್ ಮೇಲೆ ಮೂರು ತೋಟಾ ಸಾಲಾಗಿ ನಿಲ್ಲಿಸಿದ: .22 ಲಾಂಗ್ ರೈಫಲ್, .223 ರೆಮಿಂಗ್ಟನ್, .22-250 ರೆಮಿಂಗ್ಟನ್. ನಾನು ವಿಸಿಟರ್ ವೀಸಾದವನು, ಕೈ ಹಿಂದೆ ಕಟ್ಟಿಕೊಂಡೇ ಬಗ್ಗಿ ನೋಡಿದೆ. ಮೂರರ ಗುಂಡಿನ ದಪ್ಪವೂ ಹೆಚ್ಚುಕಮ್ಮಿ ಒಂದೇ, 5.7 ಮಿಲಿಮೀಟರ್. ಆದರೆ ಹಿತ್ತಾಳೆ ಕೋಶ ನೋಡಿ. ಮೊದಲನೆಯದು 16 ಮಿಮೀ, ಎರಡನೆಯದು 45, ಮೂರನೆಯದು 49. ಮೂರನೆಯದಕ್ಕೆ ಹೊಟ್ಟೆಯೂ ದಪ್ಪ. .223ಕ್ಕಿಂತ ಸುಮಾರು ಒಂದೂವರೆ ಪಟ್ಟು ಮದ್ದು ಹಿಡಿಯುತ್ತದೆ. ಅಂದರೆ ವ್ಯತ್ಯಾಸ ಇರುವುದು ಗುಂಡಿನ ದಪ್ಪದಲ್ಲಲ್ಲ, ಬೆನ್ನ ಹಿಂದಿನ ಮದ್ದಿನಲ್ಲಿ. 55 ಗ್ರೇನ್, ಅಂದರೆ ಮೂರೂವರೆ ಗ್ರಾಂ ಗುಂಡನ್ನು .223 ಸೆಕೆಂಡಿಗೆ ಸುಮಾರು 990 ಮೀಟರ್ ವೇಗದಲ್ಲಿ ಕಳಿಸಿದರೆ, .22-250 ಅದೇ ಗುಂಡನ್ನು 1,120ರಲ್ಲಿ ಕಳಿಸುತ್ತದೆ. ಲಾಂಗ್ ರೈಫಲ್ ಅಳಿಲು, ಮೊಲಕ್ಕೆ ಸರಿ. ಕೊಯೋಟಿಗೆ ಬೇಡ. ಗಾಯ ಮಾಡಿಕೊಂಡು ಪೊದೆ ಸೇರಿ ನರಳುತ್ತದೆ, ಪಾಪ.

ಹುಡುಗನಿಗೆ ನಾನು ಕೇಳಿದ್ದು ಒಂದೇ: "ಎಷ್ಟು ದೂರದಿಂದ ಹೊಡೀತೀಯ?" ಕೊಯೋಟಿಯ ಎದೆಯಲ್ಲಿ ಗುಂಡು ಬೀಳಬೇಕಾದ ಜಾಗ ಒಂದು ಪೂರಿಯಷ್ಟಗಲ, ಅಷ್ಟೇ. .223ನ್ನು 200 ಗಜಕ್ಕೆ ಗುರಿ ಕೂರಿಸಿದರೆ, ಅಂದರೆ ಆ ದೂರದಲ್ಲಿ ಗುಂಡು ಗುರಿಯಿಟ್ಟಲ್ಲೇ ಬೀಳುವಂತೆ ಹೊಂದಿಸಿದರೆ, 300 ಗಜದಲ್ಲಿ ಗುಂಡು ಆರೇಳು ಇಂಚು ಕೆಳಗಿಳಿಯುತ್ತದೆ. ಪೂರಿ ತಪ್ಪಿತು ಅಂತ ಅರ್ಥ. .22-250 ಐದು ಇಂಚಿನ ಆಸುಪಾಸು ಇಳಿಯುತ್ತದೆ. ಇನ್ನು ಗಾಳಿ. ಕಾನ್ಸಾಸ್‌ನಲ್ಲಿ ಒಣಹಾಕಿದ ಬಟ್ಟೆ ಒಂದು ನಿಮಿಷ ಸುಮ್ನೆ ನಿಲ್ಲುವುದಿಲ್ಲ. ಗಂಟೆಗೆ 16 ಕಿಮೀ ಅಡ್ಡಗಾಳಿ ಬೀಸಿದರೆ ಅದೇ 300 ಗಜದಲ್ಲಿ .223ರ ಗುಂಡು ಒಂದು ಗೇಣಿಗಿಂತ ಜಾಸ್ತಿ ಪಕ್ಕಕ್ಕೆ ಸರಿಯುತ್ತದೆ.

ಅವನು ಇನ್ನೂ ಕಲಿಯುವವನು. 200 ಗಜದೊಳಗೇ ಹೊಡೆಯಬೇಕು. ಅದಕ್ಕೆ .223 ಸಾಕು, ನನ್ನ ತೀರ್ಪು ಅದೇ. ತೋಟಾ ಅಗ್ಗ, ಎಲ್ಲ ಕಡೆ ಸಿಗುತ್ತದೆ, ಭುಜಕ್ಕೆ ಒದೆತ ಕಡಿಮೆ. ಅಗ್ಗ ಅನ್ನುವುದು ಸಣ್ಣ ಮಾತಲ್ಲ, ಅಭ್ಯಾಸ ಆಗುವುದೇ ತೋಟಾ ಸುಟ್ಟಾಗ. .22-250 ಬಯಲುಸೀಮೆಯ ದೂರದ ಹೊಡೆತಕ್ಕೆ ಚೆನ್ನ, ಆದರೆ ನಳಿಗೆ ಬೇಗ ಕಾಯುತ್ತದೆ, ಬೇಗ ಸವೆಯುತ್ತದೆ. ಗಾಳಿ ಜಾಸ್ತಿ ಇದ್ದು, ಅದೇ ಬಂದೂಕಿನಲ್ಲಿ ಜಿಂಕೆಗೂ ಹೋಗುವುದಿದ್ದರೆ .243 ವಿಂಚೆಸ್ಟರ್. 100 ಗ್ರೇನ್‌ವರೆಗಿನ ಗುಂಡು ಸಿಗುತ್ತದೆ. ಚರ್ಮ ಮಾರುವವರು ಮಾತ್ರ .243 ಬಿಟ್ಟು .204 ರೂಗರ್ ಕಡೆ ನೋಡಲಿ. ಅದರ ಹಗುರ ಗುಂಡು ಬಹಳ ಸಲ ಒಳಗೇ ಒಡೆದು ಉಳಿಯುತ್ತದೆ, ಆಚೆ ಬದಿ ತೂತು ಬೀಳುವುದಿಲ್ಲ.

ಕ್ಯಾಲಿಫೋರ್ನಿಯಾದಲ್ಲಿರುವವರಿಗೆ ಒಂದು ಮಾತು: 2019ರ ಜುಲೈ 1ರಿಂದ ಅಲ್ಲಿ ಬೇಟೆಗೆ ಸೀಸದ ಗುಂಡು ಬಳಸುವಂತಿಲ್ಲ. ತಾಮ್ರದಂಥ ಸೀಸವಿಲ್ಲದ್ದೇ ಕೊಳ್ಳಬೇಕು.

ನಳಿಗೆಯ ಮೇಲೆ ಕೊರೆದದ್ದನ್ನು ಓದದೆ ತೋಟಾ ಕೊಳ್ಳಬೇಡಿ. .223 ಮತ್ತು ಸೇನೆಯ 5.56 ನೋಡಲು ಅವಳಿ ಮಕ್ಕಳು. 5.56 ಎಂದು ಕೊರೆದ ಬಂದೂಕಿನಲ್ಲಿ .223 ಹೊಡೆಯಬಹುದು. .223 ಎಂದಷ್ಟೇ ಇದ್ದರೆ 5.56 ಹಾಕಬೇಡಿ, ಒತ್ತಡ ಮಿತಿ ಮೀರುತ್ತದೆ. ನಮ್ಮ ಹುಡುಗ ಇದನ್ನೆಲ್ಲ ಬರೆದುಕೊಂಡ. ಬರೆದುಕೊಂಡು ಅಂಗಡಿಗೆ ಹೋಗಿ "ಟ್ವೆಂಟಿ ಟೂ" ಅಂತ ಕೇಳಿ ಲಾಂಗ್ ರೈಫಲ್ ಡಬ್ಬಿ ತಂದ! ವಿಡಿಯೋ ಕಾಲ್‌ನಲ್ಲಿ ಕೇಳಿದೆ, "ಇದು ಗೋಲಿ ಆಡೋಕಾ?"

ಇನ್ನು ನಳಿಗೆಯೊಳಗಿನ ತಿರುಪು, ಅಂದರೆ ಗುಂಡನ್ನು ಗಿರಗಿರ ತಿರುಗಿಸುವ ಸುರುಳಿ ಗೆರೆ. 12 ಇಂಚಿಗೆ ಒಂದು ಸುತ್ತು ಇದ್ದರೆ 55 ಗ್ರೇನ್‌ವರೆಗೆ ನಿಲ್ಲಿಸಿ. 9 ಇಂಚಿಗೆ ಒಂದಾದರೆ ಅದಕ್ಕಿಂತ ಭಾರದ್ದೂ ನೆಟ್ಟಗೆ ಹೋಗುತ್ತದೆ. ಅವನದು 9.

ಬೇರೆ ಬೇರೆ ಗುಂಡಿನ ಮೂರು ಡಬ್ಬಿ ತರಲು ಹೇಳಿದೆ. ಮರಳುಚೀಲದ ಮೇಲೆ ಬಂದೂಕು ಇಟ್ಟು, 100 ಗಜಕ್ಕೆ ತಲಾ ಐದೈದು. ಪ್ರತಿ ಐದರ ನಡುವೆ ನಳಿಗೆ ತಣ್ಣಗಾಗಲಿ. ಕಾಗದದ ಹಿಂದೆ ಮಣ್ಣಿನ ದಿಬ್ಬ ಇರಲೇಬೇಕು. ಮೊನ್ನೆ ಮೂರು ಕಾಗದದ ಫೋಟೋ ಕಳಿಸಿದ್ದ. ಮೊದಲನೆಯದು ಅಕ್ಕಿ ಚೆಲ್ಲಿದ ಹಾಗೆ. ಎರಡನೆಯದರಲ್ಲಿ ಐದೂ ತೂತು ಒಂದು ರೂಪಾಯಿ ನಾಣ್ಯದ ಕೆಳಗೆ ಮುಚ್ಚಿಹೋಗುವಂತಿತ್ತು. ಮೂರನೆಯದನ್ನು ದೊಡ್ಡದು ಮಾಡಿ ನೋಡಲೇ ಇಲ್ಲ. "ಎರಡನೇ ಡಬ್ಬಿ. ಅದೇ ಲಾಟ್ ನಂಬರಿನದು, ಅಂದರೆ ಅದರ ಜೊತೆಗೇ ತಯಾರಾದದ್ದು, ಇನ್ನೂ ನಾಲ್ಕು ತಗೋ" ಅಂತ ಬರೆದು ಕಳಿಸಿದೆ.