ಮರಗಟ್ಟಿಸುವ ಇಂಜೆಕ್ಷನ್ ಹಿಡಿಯದವರು ಹಲ್ಲಿನ ಚಿಕಿತ್ಸೆಗೆ ಹೋಗುವ ಮುನ್ನ

ಏಲರ್ಸ್-ಡ್ಯಾನ್ಲಾಸ್ ಸಿಂಡ್ರೋಮ್ (ದೇಹದ ಸಂಯೋಜಕ ಅಂಗಾಂಶ ಹುಟ್ಟಿನಿಂದಲೇ ದುರ್ಬಲವಾಗಿರುವ ಕಾಯಿಲೆ) ಇರುವ ಹಲವರಿಗೆ, ಅದರಲ್ಲೂ ಕೀಲುಗಳು ಮಿತಿಮೀರಿ ಬಾಗುವ ಬಗೆಯವರಿಗೆ, ಮರಗಟ್ಟಿಸುವ ಇಂಜೆಕ್ಷನ್ ಸರಿಯಾಗಿ ಹಿಡಿಯುವುದಿಲ್ಲ. ಕೆಲವರಿಗೆ ಮರಗಟ್ಟುವುದೇ ಇಲ್ಲ. ಇನ್ನು ಕೆಲವರಿಗೆ ಚೆನ್ನಾಗಿಯೇ ಹಿಡಿದು, ಕೆಲಸ ಅರ್ಧ ಆಗುವಷ್ಟರಲ್ಲಿ ಇಳಿದುಬಿಡುತ್ತದೆ. ಸಡಿಲ ಅಂಗಾಂಶದಲ್ಲಿ ಔಷಧ ಬೇಗ ಹರಡಿಹೋಗುತ್ತದೆ ಎಂಬ ವಿವರಣೆ ಚಾಲ್ತಿಯಲ್ಲಿದೆ, ಅದು ಸಾಬೀತಾಗಿಲ್ಲ.

ಡಾಕ್ಟರಿಗೆ "ನನಗೆ ಇಂಜೆಕ್ಷನ್ ಹಿಡಿಯಲ್ಲ" ಎಂದಷ್ಟೇ ಹೇಳಿದರೆ ಭಯ ಅಂದುಕೊಳ್ಳುತ್ತಾರೆ. ಹಳೆಯ ಚಿಕಿತ್ಸೆಯ ವಿವರ ಬರೆದು ಒಯ್ಯಿರಿ: ಯಾವ ಔಷಧ, ಎಷ್ಟು ಶೇಕಡಾ, ಹೆಚ್ಚು ಹೊತ್ತು ಹಿಡಿಯಲೆಂದು ಬೆರೆಸುವ ಅಡ್ರಿನಲಿನ್ ಇತ್ತೇ, ಎಷ್ಟು ಕಾರ್ಟ್ರಿಜ್ (ಔಷಧದ ಪುಟ್ಟ ಕೊಳವೆ), ಎಷ್ಟು ನಿಮಿಷಕ್ಕೆ ಹಿಡಿಯಿತು, ಯಾವಾಗ ಇಳಿಯಿತು. ಆ ಹಲ್ಲಿನಲ್ಲಿ ಕೀವು ಇತ್ತೇ ಎಂಬುದೂ ಬೇಕು. ಸೋಂಕಾದ ಜಾಗ ಆಮ್ಲೀಯವಾಗಿರುತ್ತದೆ, ಔಷಧ ನರದೊಳಕ್ಕೆ ಇಳಿಯುವುದು ಕಡಿಮೆ. ಹಾಗಾದಾಗ ಯಾರಿಗೂ ಸರಿಯಾಗಿ ಹಿಡಿಯದು.

ಇಂಜೆಕ್ಷನ್ ಆದ ಮೇಲೆ ಅವಸರ ಬೇಡ. ಕೆಳದವಡೆಯ ನರದ ಬ್ಲಾಕ್‌ಗೆ, ಅಂದರೆ ಆ ನರವನ್ನೇ ಮರಗಟ್ಟಿಸುವ ಇಂಜೆಕ್ಷನ್‌ಗೆ, 10ರಿಂದ 15 ನಿಮಿಷ ಬಿಡಬೇಕು. ತುಟಿ ದಪ್ಪಗಾದಂತೆ ಅನ್ನಿಸಿದರೆ ಹಲ್ಲಿನ ತಿರುಳೂ ಮರಗಟ್ಟಿದೆ ಎಂದು ಅರ್ಥವಲ್ಲ. ಡ್ರಿಲ್ ಹಚ್ಚುವ ಮುಂಚೆ ಹಲ್ಲಿಗೆ ತಣ್ಣನೆಯ ಸ್ಪ್ರೇ ಸಿಂಪಡಿಸಿದ ಹತ್ತಿ ಮುಟ್ಟಿಸಿ ನೋಡಲು ಕೇಳಿ. ಚಳುಕ್ ಎಂದರೆ ಇನ್ನೂ ಆಗಿಲ್ಲ. ಒತ್ತಿದಂತೆ, ಎಳೆದಂತೆ ಅನ್ನಿಸುವುದು ಸಹಜ, ಅದನ್ನು ನೋವಿನ ಜೊತೆ ಸೇರಿಸಬೇಡಿ. ನೋವಾದರೆ ಕೈ ಎತ್ತಿದ ಕೂಡಲೇ ನಿಲ್ಲಿಸಬೇಕು ಎಂದು ಮೊದಲೇ ಮಾತಾಗಿರಲಿ.

ಹಿಡಿಯದಿದ್ದರೆ ಅದನ್ನೇ ಮತ್ತೆ ಮತ್ತೆ ಸುರಿಯುವುದು ತಪ್ಪು ದಾರಿ. ಸಾಮಾನ್ಯವಾಗಿ ಬಳಸುವ ಮರಗಟ್ಟಿಸುವ ಔಷಧ ಲಿಡೊಕೇನ್ ಬದಲು ಅದೇ ಬಗೆಯ 4% ಆರ್ಟಿಕೇನ್, ಇಂಜೆಕ್ಷನ್‌ನ ಜಾಗ ಬದಲಿಸುವುದು, ಹಲ್ಲಿನ ಸುತ್ತಲಿನ ಅಸ್ಥಿಬಂಧಕ್ಕೆ ಅಥವಾ ಮೂಳೆಯೊಳಕ್ಕೆ ಕೊಡುವುದು, ಇವನ್ನು ಡಾಕ್ಟರು ಯೋಚಿಸಬಹುದು. ಬೇಗ ಇಳಿಯುವವರಿಗೆ ಕೆಲಸವನ್ನು ಚಿಕ್ಕ ಚಿಕ್ಕ ಭೇಟಿಗಳಾಗಿ ಹಂಚುವುದು ಲೇಸು.

ಪ್ರಮಾಣದ ವಿಷಯದಲ್ಲಿ ವಿನಾಯಿತಿ ಇಲ್ಲ: ನರಕ್ಕೆ ಹಿಡಿಯದ ಔಷಧವೂ ರಕ್ತಕ್ಕೆ ಸೇರಿಯೇ ಸೇರುತ್ತದೆ. 2% ಲಿಡೊಕೇನ್‌ನ 1.8 ಮಿಲಿ ಕಾರ್ಟ್ರಿಜ್‌ನಲ್ಲಿ 36 ಮಿಗ್ರಾಂ ಇದೆ. ಕಿಲೋಗೆ 4.4 ಮಿಗ್ರಾಂ ಎಂಬ ಎಚ್ಚರಿಕೆಯ ಲೆಕ್ಕದಲ್ಲಿ 50 ಕೆಜಿ ತೂಕದವರಿಗೆ 220 ಮಿಗ್ರಾಂ, ಅಂದರೆ ಆರು ಕಾರ್ಟ್ರಿಜ್‌ಗೆ ಮುಗಿಯಿತು. ಮರಗಟ್ಟಿಸುವ ಬೇರೆ ಔಷಧ ಸೇರಿಸಿದರೆ ಅದನ್ನೂ ಇದೇ ಲೆಕ್ಕಕ್ಕೆ ಕೂಡಿಸಬೇಕು. ಬಾಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಗುಂಯ್‌ಗುಡುವುದು, ಸ್ನಾಯು ಅದುರುವುದು ವಿಷಪ್ರಭಾವದ ಮುನ್ಸೂಚನೆ, ತಕ್ಷಣ ಹೇಳಿ. ನಿಂತರೆ ಎದೆಬಡಿತ ಏರುವ ತೊಂದರೆ ಇರುವವರು ಅಡ್ರಿನಲಿನ್ ಬಗ್ಗೆ ಮುಂಚೆಯೇ ಮಾತಾಡಿ.

ಬಾಯಿಗೆ ಬೈಟ್ ಬ್ಲಾಕ್ (ಬಾಯಿ ತೆರೆದಿಡಲು ಹಲ್ಲುಗಳ ನಡುವೆ ಇಡುವ ಆಧಾರ), ಕುತ್ತಿಗೆಗೆ ದಿಂಬು ಕೇಳಿ, ನಡುನಡುವೆ ಬಾಯಿ ಮುಚ್ಚಲು ಬಿಡುವು ತೆಗೆದುಕೊಳ್ಳಿ. ಮರಗಟ್ಟಿದ ದವಡೆ ಕೀಲು ಜಾರಿದರೂ ಗೊತ್ತಾಗದು. ಪೂರ್ಣ ಅರಿವಳಿಕೆಯೇ ಬೇಕಾದರೆ, ದವಡೆ ಮತ್ತು ಕುತ್ತಿಗೆ ಸಡಿಲ ಎಂಬುದನ್ನು ಅರಿವಳಿಕೆ ತಜ್ಞರಿಗೆ ಹಿಂದಿನ ದಿನವೇ ತಿಳಿಸಿ. ಉಸಿರಿನ ಕೊಳವೆ ಹಾಕುವಾಗ ತಲೆಯನ್ನು ಹಿಂದಕ್ಕೆ ಬಾಗಿಸುತ್ತಾರೆ.