ಮಲೆನಾಡಿನ ಮಳೆಗಾಲಕ್ಕೆ ‘ನೆರಳಲ್ಲಿ ಒಣಗಿಸಿ’ ಅನ್ನುವ ಸೂತ್ರ ಸಾಲದು

ಔಷಧಿ ಸೊಪ್ಪನ್ನು ಒಣಗಿಸುವುದು ಹೇಗೆ ಅಂತ ಯಾರನ್ನು ಕೇಳಿದರೂ ಒಂದೇ ಉತ್ತರ: ನೆರಳಲ್ಲಿ ಒಣಗಿಸಿ. ಚಿತ್ರದುರ್ಗದಲ್ಲಿ ಕೂತವರಿಗೆ ಇದು ಸರಿ. ನಮ್ಮದು ತೀರ್ಥಹಳ್ಳಿ ತಾಲ್ಲೂಕು. ಘಟ್ಟದ ಅಂಚಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಆರಿದ್ರಾ ಹಿಡಿದ ಮೇಲೆ ಜಗುಲಿಯಲ್ಲಿ ಒಗೆದು ಹಾಕಿದ ಪಂಚೆಯೇ ಒಣಗುವುದಿಲ್ಲ. ಅಲ್ಲಿ ಸೊಪ್ಪು ಹರಡಿದರೆ ಒಣಗುವ ಬದಲು ಬೂಸ್ಟು ಹಿಡಿಯುತ್ತದೆ.

ನಾನು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿಕೊಂಡಿದ್ದವನು. ನಿವೃತ್ತಿಯಾದ ಮೇಲೆ ತೋಟದ ಮೇಲಿನ ಬ್ಯಾಣದಲ್ಲಿ (ಹುಲ್ಲು ಬೆಳೆಯುವ ಬಯಲು ಜಾಗ) ನೆಲಬೇವು, ತುಳಸಿ ಬೆಳೆದು, ಒಣಗಿಸಿ, ಔಷಧಿ ತಯಾರಿಸುವವರಿಗೆ ಕೊಡುತ್ತೇನೆ. ಪಕ್ಕದ ಮನೆಯವರು ಕೇಳುವುದುಂಟು, ‘ಮೇಷ್ಟ್ರೇ, ಸೊಪ್ಪು ಅಂದ್ಮೇಲೆ ಎಲ್ಲ ಒಂದೇ ಅಲ್ದಾ?’ ಅಲ್ಲ ಮಾರಾಯ್ರೇ. ತುಳಸಿಯಲ್ಲಿರುವುದು ಯೂಜಿನಾಲ್‌ನಂಥ ಹಾರಿಹೋಗುವ ಎಣ್ಣೆ. ನೆಲಬೇವಿನಲ್ಲಿ ಆಂಡ್ರೋಗ್ರಾಫೋಲೈಡ್ ಅನ್ನುವ ಕಹಿ. ಆಡುಸೋಗೆಯಲ್ಲಿ ವ್ಯಾಸಿಸಿನ್ ಎಂಬ ಆಲ್ಕಲಾಯ್ಡ್, ಒಂದೆಲಗದಲ್ಲಿ ಏಷಿಯಾಟಿಕೋಸೈಡ್ ಮೊದಲಾದ ಸಪೋನಿನ್‌ಗಳು, ಅಂದರೆ ಸೀಗೆಯಂತೆ ನೊರೆ ಬರಿಸುವ ಜಾತಿಯ ವಸ್ತುಗಳು. ಇವು ಕೆಡುವ ರೀತಿ ಬೇರೆಬೇರೆ. ಎಲ್ಲಿ ನೆಡಬೇಕು, ಯಾವಾಗ ಕೊಯ್ಯಬೇಕು, ಎಷ್ಟು ಬಿಸಿಯಲ್ಲಿ ಒಣಗಿಸಬೇಕು ಎಂಬುದೆಲ್ಲ ಒಳಗಿರುವ ವಸ್ತು ಯಾವುದು ಎನ್ನುವುದರ ಮೇಲೆ ನಿಂತಿದೆ.

ಹೊಸಬರು ನೆಲಬೇವಿನಿಂದ ಶುರು ಮಾಡುವುದು ಒಳ್ಳೆಯದು. ಮೇ ತಿಂಗಳಲ್ಲಿ ಸಸಿ ಮಡಿ ಮಾಡಿ, ಮಳೆ ಬಿಡದೆ ಸುರಿಯಲು ಶುರುವಾದಾಗ ನಾಟಿ ಮಾಡಿ. ನೀರು ನಿಲ್ಲುವ ಜಾಗ ಬೇಡ. ಇದರ ಕಹಿ ಅತಿ ಹೆಚ್ಚಿರುವುದು ಎಲೆಯಲ್ಲಿ. ಕಾಂಡದಲ್ಲಿ ಬಹಳ ಕಡಿಮೆ. ಎಲೆಯಲ್ಲೂ ಹೂ ಬರುವ ಮುಂಚೆ, ಮೊಗ್ಗು ಕಾಣಿಸಿಕೊಳ್ಳುವ ಹೊತ್ತಿಗೆ ಅದು ತುದಿ ಮುಟ್ಟಿರುತ್ತದೆ. ಕಾಯಿ ಕಟ್ಟಿತೆಂದರೆ ಎಲೆ ಉದುರತೊಡಗಿ, ಕೈಗೆ ಸಿಗುವುದರಲ್ಲಿ ಕಡ್ಡಿಯೇ ಹೆಚ್ಚು. ತೂಕ ಬರಲಿ ಎಂದು ಕಾಯುವವರು ಕೊನೆಗೆ ಕಡ್ಡಿಯನ್ನೇ ಮಾರುತ್ತಾರೆ. ಕೊಳ್ಳುವವರು ಈಗ ಲ್ಯಾಬಿಗೆ ಕಳಿಸಿ ಆಂಡ್ರೋಗ್ರಾಫೋಲೈಡ್ ಶೇಕಡಾ ಎಷ್ಟೆಂದು ನೋಡುವುದರಿಂದ ಆ ಲೆಕ್ಕ ನಡೆಯುವುದಿಲ್ಲ.

ನಮ್ಮ ಕಡೆ ಒಂದು ಅನುಕೂಲವಿದೆ. ನೆಲಬೇವು ಮೊಗ್ಗಾಗುವುದು ಮಳೆ ಹಿಂದೆ ಸರಿದು ಬಿಸಿಲು ಬೀಳುವ ಹೊತ್ತಿಗೆ. ಅನಾನುಕೂಲವೂ ಅದೇ ಕಾಲಕ್ಕೆ ಬರುತ್ತದೆ: ಅಡಿಕೆ ಕೊಯ್ಲು ಶುರುವಾಗಿ ಆಳು ಸಿಗುವುದಿಲ್ಲ, ಒಣಗಿಸುವ ಜಾಗವೆಲ್ಲ ಅಡಿಕೆಯ ಪಾಲು. ಮನೆಯಲ್ಲಿ ಸೊಪ್ಪಿಗಾಗಿ ಅಡಿಕೆಯನ್ನು ಬದಿಗೆ ಸರಿಸಿ ಅಂದರೆ ಯಾರು ಕೇಳುತ್ತಾರೆ? ಸೊಪ್ಪಿಗೆ ಬೇರೆಯೇ ತಟ್ಟೆ, ಬೇರೆಯೇ ಮೂಲೆ ಮೊದಲೇ ಮಾಡಿಟ್ಟುಕೊಳ್ಳಿ.

ತುಳಸಿಯ ಕಥೆ ಬೇರೆ. ಎಣ್ಣೆ ಇರುವುದು ಎಲೆಯ ಮೇಲ್ಮೈಯ ಸಣ್ಣ ಗ್ರಂಥಿಗಳಲ್ಲಿ. ಭೂತಗನ್ನಡಿಯಲ್ಲಿ ನೋಡಿದರೆ ಚುಕ್ಕೆಗಳಂತೆ ಕಾಣುತ್ತವೆ. ಹಿಸುಕಿದರೆ, ಕೊಚ್ಚಿದರೆ, ಚೀಲದಲ್ಲಿ ತುಳಿದು ತುಂಬಿದರೆ ಅವು ಒಡೆಯುತ್ತವೆ. ನಿಮ್ಮ ಮೂಗಿಗೆ ಘಂ ಅಂತ ಬಂದ ಪರಿಮಳ ಸರಕಿನಿಂದ ಹೋದ ಪರಿಮಳ. ಕೊಯ್ಯುವುದು ತೆನೆ ಹೂಬಿಟ್ಟಾಗ, ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮೊದಲು. ಕೊಯ್ದದ್ದನ್ನು ಕೊಚ್ಚದೆ, ಕವಲುಗಳ ಸಮೇತ ತೆಳುವಾಗಿ ಹರಡಿ. ಬಿಸಿ 40 ಡಿಗ್ರಿ ದಾಟದಿರಲಿ. ನೇರ ಬಿಸಿಲಂತೂ ಬೇಡವೇ ಬೇಡ.

ಜುಲೈ ತಿಂಗಳಲ್ಲಿ ಕೊಯ್ದ ತುಳಸಿ ನೋಡಲು ಸೊಂಪಾಗಿದ್ದರೂ ವಾಸನೆ ಸಪ್ಪೆ. ವಾರಗಟ್ಟಲೆ ಮೋಡ ಕವಿದು ಬೆಳಕು ಸಾಲದೆ, ಎಣ್ಣೆ ಕಟ್ಟಲು ಬೇಕಾದ ಸಾಮಗ್ರಿಯೇ ಗಿಡಕ್ಕೆ ಸಿಗುವುದಿಲ್ಲ. ಅಡಿಕೆ ಮರದ ನೆರಳಲ್ಲಿ ತುಳಸಿ ಹಾಕುವವರಿಗೂ ಇದೇ ಮಾತು: ಗಿಡ ಬರುತ್ತದೆ, ಎಣ್ಣೆ ಬರುವುದಿಲ್ಲ. ಬಿಸಿಲು ಬೀಳುವ ಬ್ಯಾಣದಲ್ಲಿ ಹಾಕಿ.

ಗೊಬ್ಬರದ ವಿಷಯದಲ್ಲಿ ನಮ್ಮವರ ಕೈ ಧಾರಾಳ. ಕೊಟ್ಟಿಗೆ ಗೊಬ್ಬರದ ಗುಂಡಿ ಪಕ್ಕದ ತುಳಸಿ ಎಲೆ ಅಂಗೈ ಅಗಲ ಆಗುತ್ತದೆ, ಪರಿಮಳ ಅಷ್ಟಕ್ಕಷ್ಟೇ. ಸಾರಜನಕ ಯಥೇಚ್ಛ ಸಿಕ್ಕಾಗ ಗಿಡ ಬೆಳೆಯುವುದಕ್ಕೇ ಗಮನ ಕೊಡುತ್ತದೆ. ಇಂಗಾಲದಿಂದ ಕಟ್ಟುವ, ಸಾರಜನಕ ಬೇಡದ ಎಣ್ಣೆ, ಚೊಗರಿನಂಥ (ಒಗರು ರುಚಿಯ ಟ್ಯಾನಿನ್) ರಕ್ಷಣಾ ವಸ್ತುಗಳು ಹಿಂದೆ ಬೀಳುತ್ತವೆ. ಆಲ್ಕಲಾಯ್ಡ್ ಮಾತ್ರ ಬೇರೆ, ಅದರ ಅಣುವಿನಲ್ಲೇ ಸಾರಜನಕವಿದೆ. ಹಾಗಾಗಿ ಆಡುಸೋಗೆ ಬೇಲಿಗೆ ಗೊಬ್ಬರ ಬಿದ್ದರೆ ಚಿಂತಿಸಬೇಡಿ.

ಕೆಮ್ಮಿಗೆ ಕೊಡುವ ಬ್ರೋಮ್‌ಹೆಕ್ಸಿನ್ ಮಾತ್ರೆ ಹುಟ್ಟಿದ್ದು ಈ ಆಡುಸೋಗೆಯ ವ್ಯಾಸಿಸಿನ್ ಅಣುವನ್ನು ಮಾದರಿಯಾಗಿಟ್ಟುಕೊಂಡು. ವ್ಯಾಸಿಸಿನ್‌ಗೆ ಗಾಳಿ ಆಗದು, ಆಮ್ಲಜನಕ ತಾಗಿ ನಿಧಾನಕ್ಕೆ ವ್ಯಾಸಿಸಿನೋನ್ ಆಗಿಬಿಡುತ್ತದೆ. ಇದನ್ನು ಬೇಗ ಒಣಗಿಸಿ, ಗಾಳಿಯಾಡದಂತೆ ಕಟ್ಟಿ, ಬೇಗ ಮಾರಿ. ಪುಡಿ ಮಾಡಿ ಇಡಲೇಬೇಡಿ.

ಒಂದೆಲಗದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಎಲ್ಲರೂ ಅದನ್ನು ಕೀಳುವುದು ಅಡಿಕೆ ತೋಟದ ಬಸಿಗಾಲುವೆಯಿಂದ. ಕೊಳೆ ರೋಗಕ್ಕೆ ನಾವು ಹೊಡೆಯುವ ಶೇ 1ರ ಬೋರ್ಡೋ ದ್ರಾವಣ ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಮಳೆ ಹಿಡಿಯುವ ಮುಂಚೆ ಒಮ್ಮೆ, ಮತ್ತೆ 40–45 ದಿನಕ್ಕೊಮ್ಮೆ. ಗೊನೆಯಿಂದ ತೊಟ್ಟಿಕ್ಕಿದ್ದು ಬೀಳುವುದು ಬುಡದ ಸೊಪ್ಪಿನ ಮೇಲೆ. ತಾಮ್ರ ಕೊಳೆಯುವ ವಸ್ತುವಲ್ಲ, ಅಜ್ಜನ ಕಾಲದಿಂದ ಹೊಡೆದದ್ದು ಮಣ್ಣಿನಲ್ಲಿ ಸೇರುತ್ತಲೇ ಇದೆ. ನಮ್ಮ ಹುಳಿ ಮಣ್ಣಿನಲ್ಲಿ ಅದು ಬೇರಿಗೆ ಇನ್ನೂ ಸುಲಭವಾಗಿ ಸಿಗುತ್ತದೆ. ಒಂದೆಲಗವೋ, ನೆಲ-ನೀರಿನಲ್ಲಿರುವ ಲೋಹವನ್ನು ಹೀರುವುದರಲ್ಲಿ ಜಾಣ. ಮಾರಾಟಕ್ಕಿರಲಿ, ಮನೆಯ ತಂಬುಳಿಗೂ ತೋಟದ್ದು ಬೇಡ ಎನ್ನುವುದು ನನ್ನ ಪಕ್ಕಾ ಅಭಿಪ್ರಾಯ. ಬಾವಿಕಟ್ಟೆ ಹತ್ತಿರ ಹೊಸ ಮಣ್ಣಿನ ಪಾತಿ ಮಾಡಿ, ಅಲ್ಲಿ ಬಳ್ಳಿ ಹಬ್ಬಿಸಿ. ಒಣಗಿಸುವಾಗ ಉದ್ದ ತೊಟ್ಟುಗಳನ್ನು ತೆಗೆದರೆ ಸರಕಿನ ಸತ್ವ ಏರುತ್ತದೆ, ಸಪೋನಿನ್ ಹೆಚ್ಚಿರುವುದು ಎಲೆಯ ಹಾಳೆಯಲ್ಲಿ.

ಒಣಗಿಸುವಾಗ ಒಳಗೆ ನಡೆಯುವುದು ಅಡಿಕೆ ಬೆಳೆಗಾರರಿಗೆ ಹೊಸದೇನಲ್ಲ. ಸುಲಿದ ಹಸಿ ಅಡಿಕೆಯನ್ನು ಹಾಗೇ ಬಿಟ್ಟರೆ ಬಣ್ಣ ತಿರುಗುತ್ತದೆ, ಹಂಡೆಯಲ್ಲಿ ಬೇಯಿಸಿದರೆ ಕಿಣ್ವ ಸತ್ತು ಅದು ನಿಲ್ಲುತ್ತದೆ, ಆದರೆ ಚೊಗರು ನೀರಿಗೆ ಇಳಿಯುತ್ತದೆ. ಎಲೆಯೂ ಹಾಗೆಯೇ. ಕೊಯ್ದ ಮೇಲೂ ಕಿಣ್ವಗಳು ಸುಮ್ಮನಿರುವುದಿಲ್ಲ. ರಾಶಿ ಹಾಕಿದ ಸೊಪ್ಪು ಒಳಗೆ ಬೆಚ್ಚಗಾಗಿ ಕಪ್ಪಾಗುವುದು ಅದಕ್ಕೇ. ಕೊಯ್ದ ಗಂಟೆಯೊಳಗೆ ಹರಡಿ. ನುಗ್ಗೆಯಂಥ ಸೊಪ್ಪಿನ ಹಸಿರು ಉಳಿಸಬೇಕಿದ್ದರೆ ಇಡ್ಲಿ ಪಾತ್ರೆಯಲ್ಲಿ ಒಂದೆರಡು ನಿಮಿಷ ಹಬೆ ಕೊಡಬಹುದು. ನೀರಲ್ಲಿ ಕುದಿಸಬೇಡಿ, ಚೊಗರು ನೀರಿನ ಪಾಲಾಗುತ್ತದೆ. ತುಳಸಿಗೆ ಹಬೆಯೂ ಬೇಡ, ಎಣ್ಣೆ ಇಳಿಸುವುದೇ ಹಬೆಯಿಂದ.

ಮಳೆಗಾಲದಲ್ಲಿ ಒಣಗಿಸಲೇಬೇಕೆಂದರೆ ಗಾಳಿಯನ್ನು ಬಿಸಿ ಮಾಡುವುದೊಂದೇ ದಾರಿ. ಲೆಕ್ಕ ಸರಳ: 25 ಡಿಗ್ರಿಯಲ್ಲಿ ಶೇ 90 ತೇವ ತುಂಬಿದ ಗಾಳಿಯನ್ನು 40 ಡಿಗ್ರಿಗೆ ಏರಿಸಿದರೆ ಅದರ ಸಾಪೇಕ್ಷ ಆರ್ದ್ರತೆ ಶೇ 40ರ ಆಸುಪಾಸಿಗೆ ಇಳಿಯುತ್ತದೆ. ಬರೇ ಫ್ಯಾನ್ ಹಾಕಿದರೆ ಒದ್ದೆ ಗಾಳಿಯೇ ಸುತ್ತುತ್ತದೆ. ಅಡಿಕೆ ಡ್ರೈಯರ್ ಇದ್ದರೆ ಬೆಂಕಿ ಸಣ್ಣದಿಟ್ಟು, ಹೊಗೆ ಒಳಗೆ ಬಾರದಂತೆ ನೋಡಿಕೊಳ್ಳಿ. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದ ಸೊಪ್ಪಿಗೆ ಮಸಿ ಅಂಟುತ್ತದೆ, ಕೊಳ್ಳುವವರು ಮೂಸಿ ನೋಡಿ ವಾಪಸ್ ಕಳಿಸುತ್ತಾರೆ. ಬಿಸಿಲುಗಾಲದ ಪ್ಲಾಸ್ಟಿಕ್ ಮನೆಯಲ್ಲಿ ಸಮಸ್ಯೆ ತಿರುವುಮುರುವು. ಮುಚ್ಚಿಟ್ಟರೆ ಒಳಗೆ 50 ಡಿಗ್ರಿ ಸಲೀಸಾಗಿ ದಾಟುತ್ತದೆ. ನೆಲಬೇವು ತಡೆದುಕೊಂಡೀತು, ತುಳಸಿ ತಡೆಯದು. ಮೇಲೆ ಕಪ್ಪು ಶೇಡ್‌ನೆಟ್ ಕಟ್ಟಿ, ಎರಡೂ ಬದಿ ತೆರೆದಿಟ್ಟು, ಸೊಪ್ಪಿನ ಮಟ್ಟದಲ್ಲಿ ಥರ್ಮಾಮೀಟರ್ ನೇತುಹಾಕಿ.

ದೊಡ್ಡಪತ್ರೆಯನ್ನು ಒಣಗಿಸುವ ಉಸಾಬರಿಗೆ ಹೋಗಬೇಡಿ. ಎಲೆ ತುಂಬ ನೀರು, ಅದು ಆರುವಷ್ಟರಲ್ಲಿ ಪರಿಮಳ ಖಾಲಿ. ಹಸಿಯಾಗಿಯೇ ಬಳಸಿ.

ಒಣಗಿದ ಎಲೆಯಲ್ಲಿ ನೀರಿನಂಶ ಶೇ 10ಕ್ಕಿಂತ ಕೆಳಗಿರಬೇಕು. ನಡುನರ ಪಟ್ ಅಂತ ಮುರಿಯಬೇಕು, ಬರೀ ಅಂಚು ಪುಡಿಯಾದರೆ ಸಾಲದು. ಅನುಮಾನವಿದ್ದರೆ ಗಾಜಿನ ಬಾಟಲಿಗೆ ಎಲೆ ಹಾಕಿ, ಚಿಟಿಕೆ ಉಪ್ಪು ಸೇರಿಸಿ, ಮುಚ್ಚಿ ಅಲ್ಲಾಡಿಸಿ ಒಂದು ರಾತ್ರಿ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ಇನ್ನೂ ತೇವವಿದೆ. (ಉಪ್ಪನ್ನು ಮೊದಲು ಹುರಿದುಕೊಳ್ಳಿ. ಮಲೆನಾಡಿನ ಉಪ್ಪು ತಾನೇ ನೀರೊಡೆದಿರುತ್ತದೆ.) ಗೋಣಿಚೀಲ ಗಾಳಿಯ ತೇವ ಎಳೆಯುತ್ತದೆ, ಒಳಗೆ ದಪ್ಪ ಪ್ಲಾಸ್ಟಿಕ್ ಚೀಲವಿರಲಿ. ಹಲಗೆಯ ಮೇಲೆ, ಕತ್ತಲಲ್ಲಿ, ಮೆಣಸಿನ ಚೀಲದಿಂದ ದೂರ ಇಡಿ. ಚೀಲಕ್ಕೊಂದು ಚೀಟಿ ಹೊಲಿಯಿರಿ: ಯಾವ ಪಾತಿ, ಕೊಯ್ದ ದಿನ, ಮೊಗ್ಗೋ ಹೂವೋ, ಒಣಗಿಸಿದ ಬಿಸಿ ಎಷ್ಟು. ಲ್ಯಾಬ್ ವರದಿ ಬಂದಾಗ ಅದನ್ನು ಈ ಚೀಟಿಯ ಪಕ್ಕ ಇಟ್ಟು ನೋಡಿ, ಮುಂದಿನ ವರ್ಷದ ಕೊಯ್ಲಿನ ದಿನ ಗೊತ್ತು ಮಾಡಿಕೊಳ್ಳಬಹುದು.